ಲ್ಯಾಮಿನೇಷನ್ ಮಾಡಿಸಿದ ರಿಪೋರ್ಟು

ಕೊಟ್ಟಿಗೆಹಾರ
೧೧ ಮಾರ್ಚ್ ೨೦೨೪

ಪ್ರೀತಿಯ ದೇವೀರಿ,

ಕಾಲು ಹೇಗಿದೆ ಎಂದು ಕೇಳಿಯೇ ಶುರುಮಾಡಬೇಕು. ಆದರೆ ಅದನ್ನು ಕೇಳುವ ಮುಖ ನನಗಿಲ್ಲ. ಕಳೆದ ವಾರ ಎರಡು ಸಲ ಫೋನ್ ಮಾಡಿದೆನಲ್ಲ, ಎರಡು ಸಲವೂ ಒಂದು ವಿಷಯ ಹೇಳಬೇಕೆಂದೇ ಮಾಡಿದ್ದು. ನೀನು "ಏನೇ ಗಂಗಾ" ಎಂದ ಕೂಡಲೇ ಮಾತು ತಿರುಗಿಸಿದೆ. ಬಾಳೂರಿಗೆ ಹೂಮಳೆ ಬಂತಾ ಎಂದು ಕೇಳಿ ಇಟ್ಟುಬಿಟ್ಟೆ. ಅಂಗಡಿಯವರ ಮನೆಯವಳಿಗೆ ಕಾಫಿ ಹೂವಿನ ಮಳೆಯ ಚಿಂತೆ ಯಾಕೆ ಎಂದು ನಿನಗೆ ಅನ್ನಿಸಿರಬೇಕು.

ಇವತ್ತು ಬೆಳಿಗ್ಗೆ ನಿನ್ನ ಮಗ ಧರ್ಮೇಶ್ ಜೀಪು ನಿಲ್ಲಿಸಿ ಬಂದಿದ್ದ. ನೀನು ಆಸ್ಪತ್ರೆಯಲ್ಲಿದ್ದಾಗ ನೀರಿಲ್ಲದೆ ನಿನ್ನ ಇನ್ಸುಲಿನ್ ಗಿಡ ಒಣಗಿತಂತೆ, ಹೊಸದು ಎರಡು ಬೇಕಂತೆ. "ಅಮ್ಮ ಸಕ್ಕರೆ ಮಾತ್ರೆ ಬಿಟ್ಟು ಮತ್ತೆ ಎಲೆ ಶುರು ಮಾಡ್ತಾರಂತೆ ಗಂಗತ್ತೆ, ಈ ಸಲ ಒಂದಿನಾನೂ ತಪ್ಪಿಸಲ್ವಂತೆ" ಅಂದ. ಕಾಫಿ ಸಸಿಯ ಪ್ಲಾಸ್ಟಿಕ್ ತೊಟ್ಟೆಗಳಲ್ಲಿ ಗಿಡ ಸಿದ್ಧವಾಗಿಯೇ ಇದ್ದವು. ಕೊಡಲಿಲ್ಲ. ಸಂಜೆ ಬಾ ಎಂದು ಕಳಿಸಿ ಈ ಕಾಗದಕ್ಕೆ ಕೂತಿದ್ದೇನೆ.

ದೇವೀರಿ, ಮಾತ್ರೆ ಬಿಡಬೇಡ. ನಾನು ಮೊದಲಿನಿಂದಲೂ ಮಾತ್ರೆ ತೆಗೆದುಕೊಳ್ಳುತ್ತಿದ್ದೆ. ಇವತ್ತಿಗೂ ತೆಗೆದುಕೊಳ್ಳುತ್ತಿದ್ದೇನೆ.

ಹೇಗಾಯಿತು ಎಂದು ಹೇಳುತ್ತೇನೆ, ಸಮಜಾಯಿಷಿ ಎಂದುಕೊಳ್ಳಬೇಡ. ಎರಡು ವರ್ಷದ ಹಿಂದೆ ಚಿಕ್ಕಮಗಳೂರಿನ ಡಾಕ್ಟರು ಮಾತ್ರೆ ಬರೆದುಕೊಟ್ಟರು. ಅದೇ ವಾರ ವಸ್ತಾರೆಯ ನಾದಿನಿ ಈ ಗಿಡ ಕೊಟ್ಟಳು. ಎರಡನ್ನೂ ಒಟ್ಟಿಗೇ ಶುರುಮಾಡಿದೆ. ಮೂರು ತಿಂಗಳಲ್ಲಿ ಇನ್ನೂರ ಅರವತ್ತು ಇದ್ದ ಸಕ್ಕರೆ ನೂರ ಮೂವತ್ತಕ್ಕೆ ಬಂತು. ಮಹಿಳಾ ಸಂಘದ ಸಭೆಯಲ್ಲಿ ರಿಪೋರ್ಟು ತೋರಿಸಿ, ಎಲೆಯ ವಿಷಯ ಮೊದಲು ಹೇಳಿದೆ. ಮಾತ್ರೆಯದನ್ನು ಹೇಳುವಷ್ಟರಲ್ಲಿ ಚಪ್ಪಾಳೆ ಬಿತ್ತು. ಮೂವತ್ತು ವರ್ಷ ಗಲ್ಲಾಪೆಟ್ಟಿಗೆಯ ಹಿಂದೆ ಕೂತವಳಿಗೆ ಯಾರು ಚಪ್ಪಾಳೆ ತಟ್ಟಿದ್ದರು ಹೇಳು. ಉಳಿದದ್ದನ್ನು ನುಂಗಿಕೊಂಡೆ. ರಿಪೋರ್ಟಿಗೆ ಲ್ಯಾಮಿನೇಷನ್ ಮಾಡಿಸಿ ಸಂಘದ ಗೋಡೆಗೆ ನಾನೇ ಹಾಕಿದೆ. 'ಎಲೆ ಗಂಗಮ್ಮ' ಎಂದು ಕರೆಯತೊಡಗಿದರು. ಬೀಗಿದೆ ಮಾರಾಯ್ತಿ, ಚೆನ್ನಾಗಿಯೇ ಬೀಗಿದೆ.

ನೀನು ಆ ಗೋಡೆಯ ಮುಂದೆ ಕನ್ನಡಕ ಹಾಕಿಕೊಂಡು ನಿಂತು ಓದಿದ್ದು ಕಣ್ಣಿಗೆ ಕಟ್ಟಿದಂತಿದೆ. ಮಾತ್ರೆಯಿಂದ ಹೊಟ್ಟೆ ಕೆಡುತ್ತದೆ, ಬಿಟ್ಟುಬಿಡಲಾ ಎಂದು ನೀನು ಕೇಳಿದೆ. ನಾನು ಬೇಡ ಎನ್ನಲಿಲ್ಲ. "ನಂಗಂತೂ ಎಲೆ ಹಿಡಿಸ್ತು ಕಣೇ" ಅಂದೆ. ಅದು ಪೂರ್ತಿ ಸುಳ್ಳಲ್ಲ ಎಂದು ಆಮೇಲೆ ಎಷ್ಟು ಸಲ ನನಗೆ ನಾನೇ ಹೇಳಿಕೊಂಡೆನೋ.

ಈ ಜನವರಿಯಲ್ಲಿ ನೀನು ಎಂದಿನಂತೆ ಬರಿಗಾಲಲ್ಲೇ ಕಣಕ್ಕಿಳಿದು, ಒಣಹಾಕಿದ ಕಾಫಿ ಹಣ್ಣನ್ನು ಕಾಲಿನಿಂದ ಎಳೆದೆಳೆದು ತಿರುವಿದೆ. ಕಾದ ಸಿಮೆಂಟಿಗೆ ಬೊಬ್ಬೆ ಎದ್ದು ಒಡೆದು ಕೀವಾಗುವವರೆಗೂ ನಿನಗೆ ಗೊತ್ತಾಗಲಿಲ್ಲ. ಮಾತ್ರೆ ಬಿಟ್ಟ ಮೇಲೆ ಏರಿದ ಸಕ್ಕರೆಯಿಂದ ಪಾದ ಜೋಮು ಹಿಡಿದಿತ್ತಂತೆ. ಮಂಗಳೂರಿಗೆ ಒಯ್ಯುವಷ್ಟರಲ್ಲಿ ಎರಡು ಬೆರಳು ಉಳಿಯಲಿಲ್ಲ.

ಆಸ್ಪತ್ರೆಯಲ್ಲಿ ಆ ಚಿಕ್ಕ ವಯಸ್ಸಿನ ಡಾಕ್ಟರಮ್ಮ ನಮ್ಮಿಬ್ಬರಿಗೂ ಬಿಡಿಸಿ ಹೇಳಿದರಲ್ಲ. ಈ ಎಲೆಯನ್ನು ಹೆಚ್ಚಾಗಿ ಇಲಿಗಳ ಮೇಲೆ ಪರೀಕ್ಷೆ ಮಾಡಿದ್ದಾರೆ, ಮನುಷ್ಯರ ಮೇಲೆ ಮಾಡಿದ್ದು ಬಹಳ ಕಡಿಮೆ. ಎಷ್ಟು ತಿನ್ನಬೇಕು, ವರ್ಷಗಟ್ಟಲೆ ತಿಂದರೆ ಏನಾಗುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ಇದನ್ನು ನಂಬಿ ಮಾತ್ರೆ ಬಿಡುವಂತಿಲ್ಲ, ಮಾತ್ರೆಯ ಜೊತೆ ತಿನ್ನುವುದಾದರೂ ಕೇಳಿಯೇ ತಿನ್ನಬೇಕು ಎಂದರು. ಅದಕ್ಕೆ ನೀನು, "ತಪ್ಪು ಎಲೇದಲ್ಲ ಡಾಕ್ಟ್ರೇ, ನಾನೇ ದಿನಾ ಸರಿಯಾಗಿ ತಿನ್ಲಿಲ್ಲ. ಇವ್ಳಿಗೆ ಅದ್ರಲ್ಲೇ ಇಳಿದಿದೆ, ರಿಪೋರ್ಟು ನಾನೇ ನೋಡಿದೀನಿ" ಅಂದೆ. ಅವರು ನನ್ನ ಕಡೆ ತಿರುಗಿ, ನೀವು ಬೇರೆ ಮಾತ್ರೆ ಏನಾದರೂ ತಗೊಳ್ತೀರಾ ಎಂದು ಕೇಳಿದರು. ನಾನು ಇಲ್ಲ ಎಂದೆ. ನೀನು ನನ್ನ ಕೈ ಹಿಡಿದುಕೊಂಡು ನಕ್ಕೆ.

ನಾನು ಮಾಡಿದ ತಪ್ಪನ್ನು ನೀನು ನಿನ್ನ ತಲೆಯ ಮೇಲೆ ಹಾಕಿಕೊಂಡಿದ್ದೀಯ. ಅದನ್ನು ಇಳಿಸು. ನಿನ್ನಿಂದ ಏನೂ ತಪ್ಪಾಗಿಲ್ಲ.

ಆ ರಿಪೋರ್ಟನ್ನು ಮಧ್ಯಾಹ್ನ ಗೋಡೆಯಿಂದ ತೆಗೆದೆ. ಮಾತ್ರೆಯ ಹೆಸರು ಬರೆಯಲು ಹೋದರೆ ಪ್ಲಾಸ್ಟಿಕ್ಕಿನ ಮೇಲೆ ಪೆನ್ನು ಹಿಡಿಯಲಿಲ್ಲ. ಒಂದು ಚೀಟಿಯಲ್ಲಿ ಬರೆದು ಅಂಟಿಸಿದ್ದೇನೆ. ಭಾನುವಾರದ ಸಭೆಯಲ್ಲಿ ಅದನ್ನು ಹಿಡಿದುಕೊಂಡು ಎಲ್ಲರ ಮುಂದೆ ಹೇಳುತ್ತೇನೆ. ಮೊದಲು ನಿನಗೆ ಹೇಳಬೇಕಿತ್ತು. ಕ್ಷಮಿಸು ಎಂದು ಕೇಳುವ ಧೈರ್ಯವಿಲ್ಲ. ನನ್ನ ಮೇಲೆ ಎಷ್ಟು ಬೇಕಾದರೂ ಸಿಟ್ಟು ಮಾಡಿಕೋ, ಮಾತ್ರೆ ಮಾತ್ರ ತಗೋ. ಹೊಟ್ಟೆ ಕೆಟ್ಟರೆ ಡಾಕ್ಟರಿಗೆ ಹೇಳಿ ಬದಲಾಯಿಸಿಕೋ.

ಧರ್ಮೇಶನ ಹತ್ತಿರ ಗಿಡ ಕಳಿಸುತ್ತಿಲ್ಲ.

ತಲೆ ತಗ್ಗಿಸಿ,
ನಿನ್ನ ಶಿವಗಂಗೆ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಿಬಿಟ್ಟಿದ್ದೆ, ಮತ್ತೆ ಒಡೆದೆ. ಅವತ್ತು ಡಾಕ್ಟರಮ್ಮ ಹೋದ ಮೇಲೆ ನಾನು ಕ್ಯಾಂಟೀನಿಗೆ ಊಟಕ್ಕೆ ಹೊರಟಾಗ, ಅಲ್ಲಿಯ ನೀರು ಕುಡಿಯಬೇಡ ಎಂದು ನಿನ್ನ ಬಿಸಿನೀರಿನ ಬಾಟಲಿ ಕೊಟ್ಟು ಕಳಿಸಿದೆಯಲ್ಲ. ಊಟವಾದ ಮೇಲೆ ನನ್ನ ಸಕ್ಕರೆ ಮಾತ್ರೆ ನುಂಗಿದ್ದು ಆ ನೀರಿನಲ್ಲೇ.