ಅರ್ಧ ಮಿಲಿಮೀಟರ್ ಗೀರು

11 ಜನವರಿ 1981, ಭಾನುವಾರ. ಸಿರುಗುಪ್ಪ

ಎಂದಿನಂತೆ ಬಳ್ಳಾರಿಯಿಂದ ಏಳರ ಬಸ್ಸು. ಒಂಬತ್ತಕ್ಕೆ ರೈಸ್‌ಮಿಲ್ಲಿನ ಹಿಂದಿನ ಶೆಡ್ಡು. ಮಿಲ್ಲಿನ ಫಿಟ್ಟರ್ ಹಂಪಯ್ಯ ಆಗಲೇ ತಗಡುಗಳನ್ನು ಜೋಡಿಸಿ ಬೋಲ್ಟು ಬಿಗಿದಿದ್ದ. ಇಪ್ಪತ್ನಾಲ್ಕು ತಾಮ್ರದ ತಗಡು, ಅಂಗೈ ಅಗಲ. ಒಂದೊಂದರ ಮೇಲೂ ನಲವತ್ತು ಗೀರು. ಗೀರಿನ ಅಗಲ ಅರ್ಧ ಮಿಲಿಮೀಟರ್, ಒಳಗೆ ಬೆಳ್ಳಿಯ ಲೇಪ. ಸ್ಪಿರಿಟ್ ಆವಿಗೆ ಗಾಳಿ ಬೆರೆಸಿ ಆ ಗೀರುಗಳಲ್ಲಿ ಹಾಯಿಸಿದರೆ, ಬೆಳ್ಳಿ ತಾಗಿ ಅಸಿಟಾಲ್ಡಿಹೈಡ್ ಆಗುತ್ತದೆ. ಔಷಧಿ ಕಾರ್ಖಾನೆಗಳಿಗೆ ಬೇಕಾದ ಸರಕು.

ಐದು ಗಂಟೆ ಓಡಿತು. ಶಾಖದ ಮೀಟರಿನ ಮುಳ್ಳು ಅಲುಗಲಿಲ್ಲ. ಹಂಪಯ್ಯ ಕೈ ಒರೆಸಿಕೊಂಡು ನಕ್ಕ.

"ಮಲಗಿದ ಕೂಸಿನಂಗ ಐತ್ರಿ ಸಾರ್."

ಕಾಲೇಜಿನಲ್ಲಿ ಹದಿನಾರು ವರ್ಷ ಕೆಮಿಸ್ಟ್ರಿ ಹೇಳಿದ್ದೇನೆ. ಇಂಥ ಒಂದು ದಿನ ಸಿಕ್ಕಿರಲಿಲ್ಲ.

15 ಜನವರಿ, ಗುರುವಾರ. ಗಾಂಧಿನಗರ, ಬಳ್ಳಾರಿ, ಸಂಜೆ

ಈ ತಗಡಿನ ಉಪಕರಣಕ್ಕೆ ಹಾಕಿದ್ದ ಅರ್ಜಿಯ ಮೇಲೆ ಮದ್ರಾಸಿನ ಪೇಟೆಂಟ್ ಕಚೇರಿಯಿಂದ ಪರೀಕ್ಷಕರ ವರದಿ. ಏಜೆಂಟರು ಮೇಲೊಂದು ಚೀಟಿ ಅಂಟಿಸಿ ಕಳಿಸಿದ್ದಾರೆ — ಗಾಬರಿ ಬೇಡ, ಎಲ್ಲರಿಗೂ ಹೀಗೇ ಬರುತ್ತದೆ, ಹದಿನೈದು ತಿಂಗಳ ಗಡುವಿದೆ.

ಆಕ್ಷೇಪಣೆ ಎರಡು. ಒಂದು: ‘ಕಿರಿದಾದ ಕಾಲುವೆ’ ಎಂದರೆ ಎಷ್ಟು ಕಿರಿದು? ಎಲ್ಲಿಂದ ಎಲ್ಲಿಯವರೆಗೆ ಹಕ್ಕು ಕೇಳುತ್ತೀರೋ ಅಂಕಿಯಲ್ಲಿ ಹೇಳಿ, ಪ್ರಯೋಗದಿಂದ ತೋರಿಸಿ. ಎರಡು: ತಗಡಿಗೆ ಗೀರು ಹಾಕಿ ಪೇರಿಸುವುದು ವರ್ಕ್‌ಶಾಪಿನ ಮಾಮೂಲು ಸುಧಾರಣೆ, ಯಾವ ಕುಶಲ ಕೆಲಸಗಾರನಿಗಾದರೂ ಹೊಳೆಯುವಂಥದ್ದು, ಇದರಲ್ಲಿ ಆವಿಷ್ಕಾರವೆಲ್ಲಿ?

ಕುಶಲ ಕೆಲಸಗಾರನಿಗೆ ಹೊಳೆಯುವಂಥದ್ದು. ಆ ಸಾಲನ್ನು ನಾಲ್ಕು ಸಲ ಓದಿದೆ.

18 ಜನವರಿ, ಭಾನುವಾರ

ಇಲ್ಲಾದರೂ ಬರೆದಿಡಬೇಕು. ಅದು ಹೊಳೆದದ್ದು ನನಗಲ್ಲ.

ಎರಡು ವರ್ಷದ ಹಿಂದಿನ ಮಾತು. ನಾನು ಕೊಳವೆಯೊಳಗೆ ಬೆಳ್ಳಿ ಹರಳು ತುಂಬಿ ಓಡಿಸುತ್ತಿದ್ದೆ. ನಡುಭಾಗ ಕೆಂಡವಾಗಿ ಸ್ಪಿರಿಟ್ಟೆಲ್ಲ ಸುಟ್ಟು ಹೋಗುತ್ತಿತ್ತು. ಸೋರುವ ಕೊಳವೆಗೆ ಬೆಸುಗೆ ಹಾಕಲು ಬಂದ ಹಂಪಯ್ಯ ಅರ್ಧ ದಿನ ಸುಮ್ಮನೆ ನೋಡಿದ. ಆಮೇಲೆ ಅಂದ: "ಬೋಗಾಣಿಯಾಗಿನ ಅನ್ನ ನಡುವ ಆರಂಗಿಲ್ರಿ ಸಾರ್. ತಾಟಿಗೆ ಹರವಿದ್ರ ಲಗೂನ ಆರತೈತಿ. ತಾಮ್ರದ ತಗಡಿಗೆ ಗೀರು ಹಾಕೂನು, ಒಂದರ ಮ್ಯಾಲ ಒಂದು ಇಡೂನು. ಸಣ್ಣ ಸಂದಿಯಾಗ ಉರಿ ಹೊಕ್ಕಂಗಿಲ್ಲ."

ನಾನು ಮಾಡಿದ್ದು ಲೆಕ್ಕ, ಲೇಪ, ಅಳತೆ. ಅದೂ ಕೆಲಸವೇ. ಆದರೆ ಅರ್ಜಿಯಲ್ಲಿ ‘ನಿಜವಾದ ಹಾಗೂ ಮೊದಲ ಆವಿಷ್ಕಾರಕ’ ಎಂಬ ಸಾಲಿನ ಕೆಳಗೆ ಒಬ್ಬನೇ ಸಹಿ ಹಾಕಿದೆ — ಕಾಡಸಿದ್ದಪ್ಪ, ಎಂ.ಎಸ್ಸಿ. ಒಂದೇ ಹೆಸರಿದ್ದರೆ ತಕರಾರು ಕಡಿಮೆ ಎಂದು ಏಜೆಂಟರು ಹೇಳಿದ್ದು ನಿಜ. ಕಾರಣ ಅದಲ್ಲ. ನನ್ನ ಹೆಸರಿನ ಪಕ್ಕದಲ್ಲಿ ನಾಲ್ಕನೇ ಕ್ಲಾಸು ಓದಿದ ಫಿಟ್ಟರ್, ಅದೂ ಊರಾಚೆಯ ಕೇರಿಯವನು... ಸ್ಟಾಫ್‌ರೂಮಿನಲ್ಲಿ ಏನಂದಾರು ಎಂದುಕೊಂಡೆ. ಅಷ್ಟೇ ಕಾರಣ.

ಹಂಪಯ್ಯ ಇವತ್ತು ಕೇಳಿದ: "ಅರ್ಜಿಯಾಗ ನನ್ನ ಹೆಸರು ಹೆಂಗ ಬರದಾರ್ರಿ? ಬರೇ ಹಂಪಯ್ಯ ಅಂತಾನೋ, ಕುರುಗೋಡು ಹಂಪಯ್ಯ ಅಂತಾನೋ? ಮನ್ಯಾಗ ಕೇಳಾಕ್ಹತ್ಯಾರ."

"ಕುರುಗೋಡು ಹಂಪಯ್ಯ," ಅಂದೆ.

22 ಫೆಬ್ರವರಿ, ಭಾನುವಾರ

ಒಂದು ಮಿಲಿಮೀಟರ್ ಗೀರು. ಓಡಿತು. ಮುಳ್ಳು ಎರಡು ಸಲ ಹಾರಿತು, ಹಂಪಯ್ಯ ಗಾಳಿ ಕಡಿಮೆ ಮಾಡಿ ಇಳಿಸಿದ.

ನನಗೆ ಅಷ್ಟು ಸಾಲದು. ಒಂದಕ್ಕೇ ಹಕ್ಕು ಕೇಳಿದರೆ ನಾಳೆ ಯಾರೋ ಒಂದೂಕಾಲಿಗೆ ಗೀರು ಹಾಕಿ ತನ್ನದೆನ್ನುತ್ತಾನೆ. ಎರಡು ಮಿಲಿಮೀಟರಿನವರೆಗೆ ಹಕ್ಕು ಪಡೆದುಕೊಳ್ಳಬೇಕು.

ಮನೆಯಲ್ಲಿ ಹೆಂಡತಿ ಚನ್ನವೀರಮ್ಮನಿಗೆ ಎಲ್ಲ ಹೇಳಿಬಿಟ್ಟೆ, ಸಹಿಯ ವಿಷಯವೂ. ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಕೆಳಗಿಟ್ಟಳು.

"ಅವ್ನ ಹೆಸರೂ ಹಾಕಿದ್ರ ನಿಮ್ದೇನು ಸವೀತಿತ್ರಿ?"

ಮೊರ ಎತ್ತಿ ಅವಳ ಕೈಗೆ ಕೊಟ್ಟೆ.

8 ಮಾರ್ಚ್, ಭಾನುವಾರ

ಹಂಪಯ್ಯ ಎರಡು ಮಿಲಿಮೀಟರ್ ಗೀರಿನ ತಗಡು ಕೊರೆದಿಟ್ಟಿದ್ದಾನೆ. ಓಡಿಸಲು ಒಲ್ಲೆ ಎನ್ನುತ್ತಾನೆ.

"ಬ್ಯಾಡ್ರಿ ಸಾರ್. ಅಷ್ಟು ಅಗಲ ಆದ್ರ ಉರಿ ಹಿಂದಕ ಹಾಯತೈತಿ. ಹಿಂದ ಡಬ್ಬಿ ತುಂಬ ಆವಿ ಇರತೈತಿ."

"ಗಾಳಿ ಕಡಿಮೆ ಇಟ್ಟರಾಯಿತು."

"ಕಮ್ಮಿ ಇಟ್ರೂ..." ಅಂದವನು ನಿಲ್ಲಿಸಿದ. "ನಿಮ್ಮಷ್ಟು ಓದಿಲ್ಲ ಬಿಡ್ರಿ ನಾನು."

ಪುಸ್ತಕ ತೆರೆದು ಅಂಕಿ ತೋರಿಸಿದೆ. ಇಂಗ್ಲಿಷಿನಲ್ಲಿದ್ದವು. ತಲೆಯಾಡಿಸಿದ. ಮುಂದಿನ ಭಾನುವಾರ ಓಡಿಸುವುದೆಂದು ನಿಗದಿಯಾಯಿತು.

29 ಮಾರ್ಚ್, ಭಾನುವಾರ

ಎಡಗೈಯ ಕಟ್ಟು ಬಿಚ್ಚಿದರು. ಬರೆಯುವ ಕೈಗೆ ಮೊದಲೂ ಏನೂ ಆಗಿರಲಿಲ್ಲ. ಬರೆಯಲಿಲ್ಲ, ಅಷ್ಟೇ.

ಹದಿನೈದರಂದು ಬೆಳಿಗ್ಗೆ ಹನ್ನೊಂದೂಕಾಲು. ನಾನು ಬಾಗಿಲ ಬಳಿ, ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದೆ. ಹಂಪಯ್ಯ ವಾಲ್ವಿನ ಮುಂದೆ ಕುಕ್ಕರಗಾಲಲ್ಲಿ. ಏಳು ನಿಮಿಷ ಸರಿ ಇತ್ತು. ಮುಳ್ಳು ಹಾರಿತು. "ಸಾರ್, ಹೊರಗ ನಡೀರಿ" ಅಂದ. ತಾನು ಏಳಲಿಲ್ಲ. ಸ್ಪಿರಿಟ್ ವಾಲ್ವು ತಿರುಗಿಸುತ್ತಿದ್ದ. ಆಮೇಲೆ ಸದ್ದು. ಆವಿಯ ಡಬ್ಬಿ ಸೀಳಿ ಅವನ ಮುಖ, ಎದೆಗೆ ಬೆಂಕಿ ಹತ್ತಿತು. ಗೋಣಿಚೀಲ ಹಾಕಿ ಆರಿಸಿದೆ, ನನ್ನ ಎಡಗೈ ಬೆಂದದ್ದು ಆಗಲೇ. ಮಿಲ್ಲಿನ ಲಾರಿಯಲ್ಲಿ ಬಳ್ಳಾರಿಯ ಆಸ್ಪತ್ರೆಗೆ. ದಾರಿಯಲ್ಲಿ ಮೋಕ ಊರು ದಾಟುವವರೆಗೂ ನೀರು ಕೇಳುತ್ತಿದ್ದ.

ಎಂಟು ದಿನ ಇದ್ದ. ಕಣ್ಣು ಎರಡೂ ಹೋಗಿದ್ದವು. ಆರನೇ ದಿನ ನನ್ನ ದನಿ ಗುರುತಿಸಿದ.

"ಸಾರ್, ಎರಡು ಅಂತ ಬರೀಬ್ಯಾಡ್ರಿ. ಸಣ್ಣದಕ್ಕ ನಿಲ್ಲಸ್ರಿ. ಯಾರಾರ ಅದನ್ನ ಓದಿ ಮಾಡಾಕ ಹೋಗಿ ಸತ್ತಾರು."

ಬರೆಯುವುದಿಲ್ಲ ಅಂದೆ. ಹೆಸರಿನ ವಿಷಯ ಹೇಳಬೇಕೆಂದು ಹೋಗಿದ್ದೆ. ಸುಟ್ಟ ತುಟಿಯಲ್ಲಿ ಅವನೇ ಮಾತಾಡುತ್ತಿದ್ದ, ನಾನು ಕೇಳುತ್ತ ಕೂತೆ. ನಾಳೆ ಹೇಳೋಣ ಅಂದುಕೊಂಡೆ. ಮರುದಿನ ಪ್ರಜ್ಞೆ ಇರಲಿಲ್ಲ. ಸೋಮವಾರ, 23ರಂದು, ಮಧ್ಯಾಹ್ನ ಹೋದ.

3 ಮೇ, ಭಾನುವಾರ. ಕುರುಗೋಡು

ನಲವತ್ತು ದಿನ ಬೇಕಾಯಿತು ಅವನ ಮನೆಗೆ ಹೋಗಲು. ಬೆಟ್ಟದ ಕೆಳಗಿನ ಓಣಿ. ಹೆಂಡತಿ ಮಾರೆಮ್ಮ ಚಾಪೆ ಹಾಸಿದಳು. ಕೇರಿಯ ಹಿರಿಯ ಜಂಬಣ್ಣ ಬಂದು ಕೂತ.

"ನಮ್ಮ ಹಂಪಯ್ಯನ ಹೆಸರು ಸರಕಾರದ ಪುಸ್ತಕದಾಗ ಅಚ್ಚಾಗತೈತಂತಲ್ರೀ," ಅಂದ ಜಂಬಣ್ಣ. "ಯಾವಾಗ್ರಿ?"

ಇನ್ನೂ ಪರೀಕ್ಷೆ ನಡೆದಿದೆ ಅಂದೆ. ಮಾರೆಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

14 ಜೂನ್, ಭಾನುವಾರ

ಪರೀಕ್ಷಕರಿಗೆ ಉತ್ತರ ಬರೆದೆ. ಹಕ್ಕು ಒಂದು ಮಿಲಿಮೀಟರಿಗೆ ಮೀರದಂತೆ. ಕೊನೆಗೊಂದು ಪಟ್ಟಿ.

ಅರ್ಧ: ಐದು ಗಂಟೆ, ಸ್ಥಿರ.
ಒಂದು: ಐದು ಗಂಟೆ, ಎರಡು ಏರಿಳಿತ.
ಎರಡು: ಏಳು ನಿಮಿಷ. ಉರಿ ಹಿಂದಕ್ಕೆ ಹಾಯ್ದು ಉಪಕರಣ ನಾಶ.

ಉಪಕರಣ ನಾಶ. ಟೈಪಿಸ್ಟ್ ಕಾಗುಣಿತ ಸರಿ ಇದೆಯೇ ನೋಡಿ ಅಂದ. ಸರಿ ಇತ್ತು.

14 ಅಕ್ಟೋಬರ್, ಬುಧವಾರ

ಆಕ್ಷೇಪಣೆ ಹಿಂತೆಗೆದಿದ್ದಾರೆ. ಅರ್ಜಿ ಅಂಗೀಕಾರ.

ಪರೀಕ್ಷಕರು ಕಾರಣವನ್ನೂ ಬರೆದಿದ್ದಾರೆ. ಎರಡು ಮಿಲಿಮೀಟರಿನಲ್ಲಿ ಆದ ವೈಫಲ್ಯ ನೋಡಿದರೆ ಗೀರಿನ ಅಗಲ ಬರಿಯ ವರ್ಕ್‌ಶಾಪ್ ಆಯ್ಕೆಯಲ್ಲ, ಆವಿಷ್ಕಾರದ ತಿರುಳೇ ಅದು ಎಂದು ಸಾಬೀತಾಗುತ್ತದೆ. ಪಟ್ಟಿಯ ಆ ಕೊನೆಯ ಸಾಲೇ ಅರ್ಜಿಯನ್ನು ದಡ ಮುಟ್ಟಿಸಿದೆ.

ಪ್ರಿನ್ಸಿಪಾಲರು ಸ್ಟಾಫ್‌ರೂಮಿನಲ್ಲಿ ಪೇಡೆ ತರಿಸಿದರು. ಒಂದನ್ನು ಬಾಯಿಗಿಟ್ಟುಕೊಂಡೆ. ಬಚ್ಚಲಿಗೆ ಹೋಗಿ ಉಗುಳಿದೆ.

20 ಅಕ್ಟೋಬರ್, ಮಂಗಳವಾರ

ಮದ್ರಾಸಿಗೆ ಟ್ರಂಕ್‌ಕಾಲ್. ಆವಿಷ್ಕಾರಕನ ಹೆಸರು ಸೇರಿಸಲು ಈಗಲೂ ಅರ್ಜಿ ಹಾಕಬಹುದಂತೆ. ಸತ್ತವರದ್ದೂ. ಆದರೆ ಯೋಚನೆ ಯಾರದು, ಯಾವ ಸಂದರ್ಭದಲ್ಲಿ, ಎಲ್ಲ ವಿವರಿಸಿ ಹೇಳಿಕೆ ಕೊಡಬೇಕು. ಮನೆಯವರ ಸಾಕ್ಷಿ ಇದ್ದರೆ ಒಳ್ಳೆಯದು.

"ಮೊದಲ ಘೋಷಣೆ ಸುಳ್ಳೆಂದು ನೀವೇ ಬರೆದುಕೊಟ್ಟಂತಾಗುತ್ತದೆ," ಅಂದರು ಏಜೆಂಟರು. "ಪೇಟೆಂಟೇ ಹೋದೀತು. ಕಾಲೇಜಿನವರೂ ಕೇಳಿಯಾರು. ಸತ್ತವನಿಗೆ ಏನು ಲಾಭ, ಹೇಳಿ?"

ಫಾರಂ ಕಳಿಸಿ ಅಂದೆ.

1 ನವೆಂಬರ್, ಭಾನುವಾರ. ಸಂಜೆ ಆರು

ಕುರುಗೋಡಿನಿಂದ ಈಗ ಬಂದೆ.

ಜಂಬಣ್ಣನನ್ನು ಕರೆಸಲಿಲ್ಲ. ಮಾರೆಮ್ಮನ ಮುಂದೆ ಚಾಪೆಯ ಮೇಲೆ ಕೂತು ಹೇಳಿದೆ. ಹೆಸರು ಮೊದಲಿನಿಂದಲೂ ಇರಲಿಲ್ಲ. ಇದೆ ಎಂದು ಅವನಿಗೆ ಸುಳ್ಳು ಹೇಳಿದ್ದೆ. ಈಗ ಹಾಕಿಸುತ್ತೇನೆ, ಇದಕ್ಕೆ ನಿನ್ನ ಹೆಬ್ಬೆಟ್ಟು ಬೇಕು.

ಮಾರೆಮ್ಮ ಎದ್ದು ಒಲೆಯ ಮೇಲಿನ ನೀರು ಇಳಿಸಿ ಬಂದಳು.

"ಏನು ಬರದೀರಿ, ಓದ್ರಿ."

ಓದಿದೆ. ತಗಡಿಗೆ ಗೀರು ಹಾಕಿ ಪೇರಿಸುವ ಯೋಚನೆ ಮೊದಲು ಹೇಳಿದ್ದು ಕುರುಗೋಡಿನ ಹಂಪಯ್ಯ. ನಾನಲ್ಲ. ಅನ್ನದ ಮಾತನ್ನೂ ಸೇರಿಸಿದ್ದೆ. ಅಲ್ಲಿ ಒಮ್ಮೆ ಸೆರಗಿನಿಂದ ಬಾಯಿ ಒತ್ತಿಕೊಂಡಳು. ಮುಗಿದಾಗ ಕೇಳಿದಳು:

"ಅಷ್ಟೇ ಏನ್ರಿ?"

"ಅಷ್ಟೇ."

"ಸುಟ್ಟುಕೊಳ್ಳಾಕ ಮೊದ್ಲಿನ ಭಾನುವಾರ ಮನಿಗೆ ಬಂದು ಉಂಡಿರ್ಲಿಲ್ಲ ಅವ್ರು. ಬ್ಯಾಡಂದ್ರೂ ಸಾರ್ ಕೇಳವಲ್ರು, ಹೋಗ್ಲಿಲ್ಲಂದ್ರ ಹೆಸರು ತಗದ್ಹಾಕ್ಯಾರು ಅಂದ್ರು. ಅದಕ್ಕ ಹೋದ್ರು. ಅದನ್ನೂ ಬರೀರಿ."

ಓದಿದ ಹಾಳೆಯನ್ನು ಮಡಿಸಿದೆ.

"ಹೆಸರು ಹಾಕ್ರಿ, ಬ್ಯಾಡ ಅನ್ನಂಗಿಲ್ಲ. ಅವ್ರು ಬ್ಯಾಡ ಅಂದಿದ್ದೂ ಹಾಕ್ರಿ. ಎರಡೂ ಇದ್ರ ಹೆಬ್ಬೆಟ್ಟು ಒತ್ತೀನಿ."

ಚನ್ನವೀರಮ್ಮ ಚಹಾ ಇಟ್ಟು ಹೋದಳು. ಹೊಸ ಹಾಳೆ ತೆಗೆದಿದ್ದೇನೆ. ಕಾಲೇಜು, ಪೊಲೀಸು, ಏಜೆಂಟರು ಏನಂದಾರೋ ಅನ್ನಲಿ. ಮೊದಲು ಇಲ್ಲಿ ಬರೆದು ನೋಡಿ, ಆಮೇಲೆ ಫಾರಮ್ಮಿಗೆ ಇಳಿಸುತ್ತೇನೆ.

‘1981ರ ಮಾರ್ಚ್ 8ರಂದು ಸಿರುಗುಪ್ಪದ ಶೆಡ್ಡಿನಲ್ಲಿ, ಎರಡು ಮಿಲಿಮೀಟರ್ ಗೀರಿನ ಪ್ರಯೋಗ ಅಪಾಯವೆಂದು ಹಂಪಯ್ಯನವರು ಸ್ಪಷ್ಟವಾಗಿ ಹೇಳಿದರು. ಕಾರಣವನ್ನೂ ಹೇಳಿದರು. ಅವರು ಹೇಳಿದ ಕಾರಣ ಸರಿಯಾಗಿತ್ತು. ಅದು ಸರಿಯೆಂದು ಆ ಹೊತ್ತಿಗೆ ನನಗೆ ಗೊತ್ತಿತ್ತು.’