ಮೂಡಣಕ್ಕೆ ಹೊರಟ ಎತ್ತು

ಡಿಸೆಂಬರ್ 18, ರಾತ್ರಿ

…ಅದರ ಮೇಲೆ ರೋಲರ್ ಬೇರೆ ಕೈಕೊಟ್ಟಿತು. ಮಸಿ ಒಂದು ಕಡೆ ದಪ್ಪ, ಇನ್ನೊಂದು ಕಡೆ ಇಲ್ಲವೇ ಇಲ್ಲ. ಕೆಂಗೇರಿ ಉಪನಗರದ ಸ್ಟುಡಿಯೋದಿಂದ ಹೊಸಹಳ್ಳಿವರೆಗೆ ಮೆಟ್ರೋದಲ್ಲಿ ನಿಂತೇ ಬಂದೆ. ಬೆರಳಿಗೆಲ್ಲ ಮಸಿ, ಟೈಪ್ ಮಾಡಲಾಗದು. ಫೋನಿಗೇ ಹೇಳುತ್ತಿದ್ದೇನೆ, ಮೆಲ್ಲಗೆ… ಪಿಜಿಯ ಪಕ್ಕದ ಹುಡುಗಿ ಮಲಗಿದ್ದಾಳೆ.

ಅಂತೂ ಮರದ ಹಲಗೆಯಲ್ಲಿ ಕೆತ್ತಿದ ಚಿತ್ರದ ಪ್ರಿಂಟ್ ಬಂತು. ಊರಲ್ಲಿ ಅಜ್ಜಿ ತೋರಿಸುತ್ತಿದ್ದ ಆಕಾಶ. ಮುಂದೆ ಕೆಂಪು ಎತ್ತು — ರೋಹಿಣಿ. ನಡುವೆ ಸಾಲಾಗಿ ಮೂರು ಚುಕ್ಕಿ, ಅದು ಬೀಜ ಬಿತ್ತುವ ಕೂರಿಗೆ. ಹಿಂದೆ ಬೆಳ್ಳಗೆ ಹೊಳೆಯುವವಳು ಬಿತ್ತುವ ಹೆಂಗಸು. ಎಲ್ಲರೂ ಪಡುವಣಕ್ಕೆ ನಡೆಯುತ್ತಾರೆ. ಬೇಸಿಗೆಯ ಕೊನೆಗೆ ಸಂಜೆ ಮುಳುಗಿ ಕಾಣೆಯಾಗುತ್ತಾರೆ. ಆಗ ಅಜ್ಜಿ, "ಮ್ಯಾಲಿನ ಕೂರಿಗಿ ಭೂಮಿಗಿಳೀತು, ಇನ್ನ ನಮ್ಮದು ಹೂಡ್ರಿ" ಅನ್ನುತ್ತಾಳೆ. ಮಿರಗದ, ಅಂದರೆ ಮೃಗಶಿರಾ ಮಳೆಗೆ, ಬಿತ್ತಿಗೆ.

ಕೆಳಗೆ ಅಜ್ಜಿಯ ಹೆಸರು, ನನ್ನ ಹೆಸರು ಅಚ್ಚಾಗಿವೆ: ಹೇಳಿದವರು ಪಾರವ್ವ, ಕೆತ್ತಿದವರು ಗುರುದೇವಿ. ಭಾನುವಾರ ಸ್ಟುಡಿಯೋದಲ್ಲಿ ಪ್ರದರ್ಶನ. ನನಗೆ ಸಿಕ್ಕ ಮೊದಲ ಗೋಡೆ.

ಡಿಸೆಂಬರ್ 20

ತಪ್ಪಾಗಿದೆ.

ನಿನ್ನೆ ತಡರಾತ್ರಿ ಟೆರೇಸಿನಲ್ಲಿ ಬಟ್ಟೆ ತೆಗೆಯುವಾಗ ತೆಂಕಣಕ್ಕೆ ಮುಖಮಾಡಿ ತಲೆ ಎತ್ತಿದೆ. ಎತ್ತು ಬಲಕ್ಕಿದೆ. ನನ್ನ ಪ್ರಿಂಟಿನಲ್ಲಿ ಎಡಕ್ಕೆ! ಹಲಗೆಯ ಎಡ ಕಾಗದಕ್ಕೆ ಬಲವಾಗುತ್ತದೆ, ಗೊತ್ತಿತ್ತು. ಅಕ್ಷರಗಳನ್ನೆಲ್ಲ ತಿರುಗಿಸಿಯೇ ಕೆತ್ತಿದ್ದೆ. ಚುಕ್ಕಿ ತಿರುಗಿಸಲಿಲ್ಲ. ಚುಕ್ಕಿಗೇನು ಎಡ ಬಲ ಅಂದುಕೊಂಡೆ… ಈಗ ಎಡ ಅಂಚಿನ 'ಮೂಡಣ', ಬಲ ಅಂಚಿನ 'ಪಡುವಣ' ಪದಗಳು ಸರಿಯಾದ ಜಾಗದಲ್ಲಿವೆ. ಎತ್ತು ಮೂಡಣಕ್ಕೆ ಹೊರಟಿದೆ.

ಸ್ಟುಡಿಯೋದ ಶೈಲಾ ಮೇಡಂ ನಕ್ಕರು. "ಬೆಂಗಳೂರಲ್ಲಿ ಯಾರು ಆಕಾಶ ನೋಡ್ತಾರೆ ಗುರು? ಸಿಗ್ನಲ್ ನೋಡಿದ್ರೆ ಹೆಚ್ಚು. ಚೆನ್ನಾಗಿದೆ ಕಣೇ, ಇರ್ಲಿ ಬಿಡು."

"ಕೆಳಗೆ ಅಜ್ಜಿ ಹೆಸರಿದೆ ಮೇಡಂ."

"ಹಾಗಾದ್ರೆ ತೆಗಿ. ಆದ್ರೆ ಗೋಡೆ ಖಾಲಿ ಬಿಡೋಕಾಗಲ್ಲ, ಬೆಕ್ಕು ಕೆತ್ತಿದ್ದಾನಲ್ಲ, ಆ ಮಹದೇವ್‌ಗೆ ಕೊಡ್ತೀನಿ. ಬೆಳಗ್ಗೆ ಹೇಳು."

ಸಂಜೆ ಅಜ್ಜಿಗೆ ಫೋನ್ ಮಾಡಿ ಹೇಳಿಯೇಬಿಟ್ಟೆ.

"ಎತ್ತು ಮೂಡಣಕ್ಕ ಹೊಂಟ್ರ ಕೂರಿಗಿ ಭೂಮಿಗೆ ಎಂದ ಇಳೀತೈತಿ? ನಿಮ್ಮ ಕಾಕಾ ಯಲ್ಲಪ್ಪ ಆ ಚಿತ್ರದ ಫೋಟೋ ಊರಿಗೆಲ್ಲ ಕಳಸ್ತಾನ. ಪಾರವ್ವಗ ಅರಳುಮರಳು ಅಂತಾರ."

ಬೈಯಲಿ ಅಂತ ಕಾದೆ. ಬೈಯಲಿಲ್ಲ.

"ನನ್ನ ಹೆಸರು ತಗದ ಬಿಡವಾ. ಚಿತ್ರ ನಿಂದು. ಇಟಗೋ."

ಹೆಸರು ಕತ್ತರಿಸಲು ಒಂದು ಬ್ಲೇಡ್ ಸಾಕು. ಯಾರಿಗೂ ತಿಳಿಯದು. ಗೋಡೆಯೂ ಉಳಿಯುತ್ತದೆ…

ಡಿಸೆಂಬರ್ 21, ಮಧ್ಯಾಹ್ನ

ಪ್ರಿಂಟ್ ಇಳಿಸಿದೆ. ಅದೇ ಮೊಳೆಗೆ ಮಹದೇವನ ಬೆಕ್ಕಿನ ಪ್ರಿಂಟ್ ನೇತಾಡುತ್ತಿದೆ. ಜನ ಅದರ ಜೊತೆ ಸೆಲ್ಫಿ ತೆಗೆಯುತ್ತಿದ್ದಾರೆ. ಮೇಡಂ "ಮುಂದಿನ ಸಲ ನೋಡೋಣ" ಅಂದರು. ಯಾವಾಗ ಅಂತ ಕೇಳಲಿಲ್ಲ.

ಹೊರಗೆ ಬಂದು ಫೋನ್ ಮಾಡಿದೆ.

"ಅಜ್ಜಿ, ನಿನ್ನ ಹೆಸರು ತಗ್ಯಂಗಿಲ್ಲ. ಹೊಸಾ ಹಲಗಿ ತಗೊಂಡೀನಿ. ಇವತ್ತ ರಾತ್ರಿ ಅಂಗಳದಾಗ ನಿಂತು ಮತ್ತೊಮ್ಮೆ ಹೇಳು, ಯಾವುದು ಎಲ್ಲೈತಿ ಅಂತ."

"ಹುಚ್ಚವ್ವಾ, ಥಂಡಿ ಭಾಳ ಐತಿ. ಇರಲಿ, ಕಂಬಳಿ ಹೊತಗೊಂಡ ನಿಂದರತೀನಿ. ಎಷ್ಟಕ್ಕ ಫೋನ್ ಮಾಡ್ತಿ?"

"ಎಂಟಕ್ಕ. ಮೋಡ ಇದ್ರ ಒಂಬತ್ತಕ್ಕ ಮಾಡ್ತೀನಿ, ಮಲಗಬ್ಯಾಡ ಮತ್ತ, ಒಂಬತ್ತಕ್ಕ —"