ದೇವರ ಜಗಲಿಯ ಮೇಲಿನ ಜಡೆಯವನು

ಕೃಷ್ಣರಾಜಪುರ
ಸೋಮವಾರ, ೧೯೯೮

ಮನೆ ಮಾಲೀಕರಾದ ಶ್ರೀಕಂಠಯ್ಯನವರಿಗೆ ಹಿಂದಿನ ರೂಮಿನ ಸುಭದ್ರಮ್ಮನ ಶರಣು.

ಆಸ್ಪತ್ರೆಯಲ್ಲಿರೋ ಪಕ್ಕದ ಆರೋಗ್ಯರಾಜನ ರೂಮು ಖಾಲಿ ಮಾಡಿಸಬೇಡಿ. ನೀವು ಪೊಲೀಸರಿಗೆ ಹೇಳಿದಂಗೆ ಅವನು ಮೆಟ್ಟಿಲಿಂದ ಬಿದ್ದಿದ್ದಲ್ಲ. ನನ್ನ ಮಗ ಈರೇಶ ರಾಡಿನಿಂದ ಹೊಡೆದ. ಗಿಟಾರು ಬಾರಿಸೋ ಕೈಯನ್ನ ಹೊಸ್ತಿಲ ಮೇಲೆ ಒತ್ತಿ ಹಿಡಿದು ಬೆರಳು ಜಜ್ಜಿದ. ರಕ್ತ ನಾನೇ ತೊಳೆದೆ.

ಆಗಿದ್ದು ಇಷ್ಟು. ನಾನು ಲಿಂಗಪೂಜೆಗೆ ಕೂತಾಗ ಅವನ ಕ್ಯಾಸೆಟ್ಟು, ರೆಗೆ ಅಂತ ಯಾವುದೋ ಪರದೇಶದ ಹಾಡು, ಗೋಡೆಯಾಚೆ ಗುಮ್ ಗುಮ್ ಅಂತ ನಿಧಾನಕ್ಕೆ ನಡೀತಿತ್ತು. ತಾಳ ಒಂಚೂರು ತಡವಾಗಿ ಬಂದು ಎದೆಯೊಳಗೇ ಬೀಳೋದು.

"ಏನಪ್ಪಾ ಹಾಡ್ತಾರೆ?" ಅಂತ ಪೂಜೆ ಮುಗಿಸಿ ಅವನನ್ನ ಕೇಳಿದೆ.

"ಊರಿಂದ ಕಿತ್ತು ಹಡಗಲ್ಲಿ ತಂದ ಜನ ಅಮ್ಮಾ, ದೇವರನ್ನ ಕರೀತಾರೆ" ಅಂದ.

ಕ್ಯಾಸೆಟ್ಟಿನ ಕವರಿನ ಚಿತ್ರದಲ್ಲಿದ್ದ ಜಡೆಯವನನ್ನ ಯಾರೋ ಶರಣ ಅಂದ್ಕೊಂಡು, ಆ ಕವರನ್ನ ಕೇಳಿ ಇಸ್ಕೊಂಡು, ವಿಭೂತಿ ಹಚ್ಚಿ ದೇವರ ಜಗಲಿ ಮೇಲಿಟ್ಟೆ. ಈರೇಶ ನೋಡಿದ. "ಗಾಂಜಾ ಸೇದೋನಿಗೆ ನಮ್ಮವ್ವನ ಕೈಲಿ ಪೂಜೆ ಮಾಡಿಸ್ತೀಯೇನಲೇ?" ಅಂತ ಆರೋಗ್ಯರಾಜನ ರೂಮಿಗೆ ನುಗ್ಗಿದ. "ನಾನೇ ಇಟ್ಟೀನೋ" ಅಂತ ಕೂಗಿಕೊಂಡೆ, ಕೈ ನಿಲ್ಲಿಸಲಿಲ್ಲ.

ನಾಳೆ ಸ್ಟೇಷನ್ನಿಗೆ ಹೋಗಿ ಮಗನ ಹೆಸರು ಹೇಳ್ತೀನಿ. ಅಲ್ಲೀವರೆಗೂ ಈರೇಶನಿಗೆ ತಿಳಿಸಬೇಡ್ರಿ. ತಿಳಿದು ಬಂದು ಕಾಲು ಹಿಡಿದನಂದ್ರೆ, ನಾನೇ ಅವನನ್ನ ಬಚ್ಚಿಡ್ತೀನಿ.

ಇಂತಿ ನಿಮ್ಮ ಬಾಡಿಗೆಯವಳು,
ಸುಭದ್ರಮ್ಮ